ಬೆಂಚಿನ ಮೇಲೆ ಎಲ್ಲರಿಗೂ ಶುಗರ್

ನಾನು ನಿವೃತ್ತನಾಗಿ ಎರಡು ವರ್ಷವಾಯಿತು, ಆದರೂ ಇಂಥವು ನಿಲ್ಲುವ ಲಕ್ಷಣವಿಲ್ಲ. ಮೊನ್ನೆ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಕೂತಿದ್ದೆ. ಬಾಜೂಕ್ಕೆ ನಿಂತಿದ್ದ ಗೃಹಸ್ಥರೊಬ್ಬರು ನನ್ನ ಮುಖ ನೋಡಿದ್ದೇ ತಡ, ಕೈಯಲ್ಲಿದ್ದ ಚೀಲವನ್ನೆತ್ತಿ ತಮ್ಮ ಮುಖಕ್ಕೆ ಅಡ್ಡ ಹಿಡಿದರು. ಚೀಲ ತಲೆಕೆಳಗಾಗಿ ಒಳಗಿನ ಟೊಮೆಟೊ ಎಲ್ಲಾ ನೆಲದ ಮೇಲೆ ಉರುಳಾಡಿದವು. ನಾನೇ ಆರಿಸಿ ಕೊಟ್ಟೆ.

"ಭಾಳ ಉಪಕಾರ ಆತ್ರಿ. ನೀವ್ಯಾರೋ ನನಗ ಗೊತ್ತಿಲ್ರಿ" ಅಂದರು.

"ನನಗೂ ನೀವು ಗೊತ್ತಿಲ್ರಿ" ಅಂದೆ.

ಇಬ್ಬರೂ ಸಮಾಧಾನದಿಂದ ಬೇರೆ ಬೇರೆ ದಾರಿ ಹಿಡಿದೆವು.

ನನ್ನ ಕೆಲಸವೇ ಅಂಥದಾಗಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಸರ್ಕಾರಿ ದವಾಖಾನೆಗಳಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಬಿ.ಎಸ್ಸಿ. ಮುಗಿಸಿ ಸೇರಿದವನು, ಮೊದಮೊದಲು ಕಫ, ಮೂತ್ರ, ಮಲೇರಿಯಾ ಅಂತ ಸೂಕ್ಷ್ಮದರ್ಶಕದ ಮೇಲೆ ಕಣ್ಣಿಟ್ಟು ಕೂತಿರುತ್ತಿದ್ದೆ. ನನ್ನ ಮಾತಿನ ಚಟ ನೋಡಿದ ದೊಡ್ಡ ಡಾಕ್ಟರ್ ಸಾಹೇಬರು ಒಂದು ದಿನ, "ನಿಮ್ಮನ್ನ ಸುಮ್ಮ ಕೂಡ್ಸೂದು ಶಕ್ಯ ಇಲ್ಲ. ಮಾತಾಡೂ ಕೆಲಸಕ್ಕೇ ಹಾಕ್ತೇನಿ" ಎಂದು ಆಪ್ತಸಮಾಲೋಚನೆಯ ತರಬೇತಿಗೆ ಕಳಿಸಿಬಿಟ್ಟರು. ಅಲ್ಲಿಂದ ಮುಂದೆ ಎಚ್‌ಐವಿ ಮತ್ತು ಗುಪ್ತರೋಗಗಳ ಪರೀಕ್ಷೆ ನನ್ನ ಪಾಲಿಗೆ ಬಂತು. ಕಾಂಡೋಮ್ ಇಲ್ಲದೆ ಎಲ್ಲೋ ಏನೋ ಮಾಡಿಕೊಂಡು, ಆಮೇಲೆ ಎದೆ ಡವಡವ ಅಂತ ಬಡಿದುಕೊಳ್ಳುವವರೆಲ್ಲ ನನ್ನ ಬಾಗಿಲಿಗೆ ಬರುತ್ತಿದ್ದರು. ರಕ್ತ ತೆಗೆಯುವವನೂ ನಾನೇ, ಧೈರ್ಯ ಹೇಳುವವನೂ ನಾನೇ.

ಹೆಸರು ಹೇಳುವುದಿಲ್ಲ. ಊರು ಅಲ್ಲಲ್ಲಿ ಅದಲುಬದಲು ಮಾಡಿದ್ದೇನೆ. ಕೊನೆಯದೊಂದನ್ನು ಮಾತ್ರ ನಡೆದದ್ದು ನಡೆದ ಹಾಗೆಯೇ ಬರೆದಿದ್ದೇನೆ. ಅದರಲ್ಲಿ ಹೋಳಿಗೆ ಮಾಡಲು ಬೇಳೆ ತಂದಿಟ್ಟ ಮೇಲೆ ಒಂದು ಮದುವೆ ಮುರಿದು ಬೀಳುವುದರಲ್ಲಿತ್ತು. ನಿಜ ಹೇಳಬೇಕೆಂದರೆ ಅದನ್ನು ಹೇಳುವುದಕ್ಕಾಗಿಯೇ ಉಳಿದವನ್ನೂ ಹೇಳುತ್ತಿದ್ದೇನೆ.

ಬಾಜೂ ತಾಲೂಕಿನ ರೂಢಿ

ನಮ್ಮ ಕಡೆಯ ಮಂದಿ ಈ ಪರೀಕ್ಷೆಯನ್ನು ಸ್ವಂತ ತಾಲೂಕಿನಲ್ಲಿ ಮಾಡಿಸುವುದಿಲ್ಲ. ದವಾಖಾನೆಯ ಗೇಟಿನಲ್ಲಿ ಚಹಾದವನಿಂದ ಹಿಡಿದು ಔಷಧಿ ಕೊಡುವವರ ತನಕ ಎಲ್ಲರೂ ಗುರುತಿನವರು. ಕಲಬುರಗಿಗೆ ಹೋಗೋಣವೆಂದರೆ ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ವಾರ್ಡಿಗೊಬ್ಬರು ಬೀಗರು ಮಲಗಿರುತ್ತಾರೆ. ಹಾಗಾಗಿ ಆಳಂದದವರು ಅಫಜಲಪುರಕ್ಕೆ, ಅಫಜಲಪುರದವರು ಜೇವರ್ಗಿಗೆ, ಜೇವರ್ಗಿಯವರು ಆಳಂದಕ್ಕೆ ಹೋಗುವ ರೂಢಿ. ಈ ಉಪಾಯ ತನಗೊಬ್ಬನಿಗೇ ಹೊಳೆದಿದ್ದು ಅಂತ ಪ್ರತಿಯೊಬ್ಬನ ನಂಬಿಕೆ.

ಆಳಂದದಲ್ಲಿ ನನ್ನ ಮನೆಯ ಎದುರಿಗೇ ಇದ್ದ ಬಟ್ಟೆ ಅಂಗಡಿಯವರೊಬ್ಬರು ಹೀಗೇ ಅಫಜಲಪುರದ ಬಸ್ಸು ಹತ್ತಿದರು. ಅದರ ಹಿಂದಿನ ವಾರವೇ ನನಗೆ ಅಲ್ಲಿಗೆ ವರ್ಗವಾಗಿತ್ತು. ಬಾಗಿಲು ತೆರೆದು ಒಳಗೆ ಕಾಲಿಟ್ಟವರು ನನ್ನನ್ನು ನೋಡಿ ಗೋಡೆಯ ಹಾಗೆ ನಿಂತರು.

"ಸಾಹೇಬ್ರ! ನೀವು ಇಲ್ಲಿ?"

"ವರ್ಗ ಆಗೇದ್ರಿ. ನೀವು ಇಲ್ಲಿ?"

"ನಾ... ನಿಮಗ ವರ್ಗ ಆಗೇದಂತ ಕೇಳಿ, ಮಾತಾಡ್ಸಿ ಹೋಗೂಣು ಅಂತ ಬಂದೇನ್ರಿ."

"ನಮ್ಮ ಮನಿಯಾಕಿಗೇ ನಾ ಇನ್ನೂ ಪೂರಾ ಹೇಳಿಲ್ರಿ. ನಿಮಗ ಯಾರು ಹೇಳಿದ್ರು? ಇರ್ಲಿ, ಬಾಗಲಾ ಹಾಕ್ಕೊಂಡು ಕೂಡ್ರಿ."

ಕೂತರು, ಹೇಳಿದರು, ತೋಳು ಚಾಚಿದರು. ಆವತ್ತಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಆದರೆ ಸೋಂಕು ತಗುಲಿದ್ದರೂ ರಕ್ತದಲ್ಲಿ ಅದು ತಕ್ಷಣ ಕಾಣಿಸುವುದಿಲ್ಲ. ಅದಕ್ಕೇ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು, ಅಲ್ಲಿಯ ತನಕ ಮನೆಯಲ್ಲೂ ಜೋಪಾನವಾಗಿರಬೇಕು ಎಂದು ಕಳಿಸಿದೆ.

ಮೂರು ತಿಂಗಳಾಯಿತು. ಆಳಂದದಲ್ಲಿ ಮಂದಿ ಇದ್ದಾರೆ, ಅಫಜಲಪುರದಲ್ಲಿ ನಾನಿದ್ದೇನೆ ಎಂದು ಲೆಕ್ಕ ಹಾಕಿ ಅವರು ಎರಡು ಬಸ್ಸು ಬದಲಿಸಿ ಜೇವರ್ಗಿಗೆ ಹೋದರು. ಅಲ್ಲಿನ ಟೆಕ್ನಿಷಿಯನ್ ಬಾಯಿಯವರು ಬಾಣಂತನದ ರಜೆಯ ಮೇಲಿದ್ದರು. ವಾರಕ್ಕೆರಡು ದಿನ ಅವರ ಬದಲಿಗೆ ಹೋಗುತ್ತಿದ್ದವನು ಯಾರು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಬಾಗಿಲು ತೆರೆದರು. ನೋಡಿದರು. ಈ ಸಲ ಗಾಬರಿಯಾಗಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತು ಕೈಮುಗಿದರು.

"ಸಾಹೇಬ್ರ, ನೀವು ಎಲ್ಲಿ ಇರಂಗಿಲ್ಲ ಅಂತ ಒಮ್ಮೆ ಹೇಳಿಬಿಡ್ರಿ. ನಾ ಅಲ್ಲಿಗೇ ಹೋಗ್ತೇನಿ."

ಆಯಿಯ ಉಪದೇಶ

ಮೂರೂ ಕಡೆ ನನ್ನ ಕೋಣೆ ಮತ್ತು ದೊಡ್ಡ ಲ್ಯಾಬು ಒಂದಕ್ಕೊಂದು ಹತ್ತಿ ಇದ್ದವು. ಎರಡಕ್ಕೂ ಸೇರಿ ಹೊರಗೆ ಒಂದೇ ಉದ್ದನೆಯ ಬೆಂಚು. ಶುಗರ್ ಪರೀಕ್ಷೆಗೆ ಬಂದವರೂ ಅಲ್ಲೇ, ನನ್ನ ಕಡೆಯವರೂ ಅಲ್ಲೇ. ಇದರಿಂದ ನನ್ನವರಿಗೆ ಒಂದು ಅನುಕೂಲವಾಗಿತ್ತು. ಯಾರಾದರೂ ಗುರುತಿನವರು ಎದುರಾದರೆ ಎಲ್ಲರದೂ ಒಂದೇ ಉತ್ತರ: "ಶುಗರ್ ಚೆಕ್ ಮಾಡಸಾಕ ಬಂದೇನ್ರಿ."

ಇದರಲ್ಲಿ ಒಂದು ಮೋಜು ಗಮನಿಸಿದ್ದೇನೆ. ಬೆಂಚಿನ ಮೇಲೆ ಕೂತ ಪ್ರತಿಯೊಬ್ಬನೂ ತಾನೊಬ್ಬನೇ ಸುಳ್ಳು ಹೇಳುತ್ತಿದ್ದೇನೆ, ಉಳಿದವರೆಲ್ಲ ಪಾಪ, ಖರೇ ಸಕ್ಕರೆ ರೋಗದವರು ಅಂತಲೇ ತಿಳಿದಿರುತ್ತಾನೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಫಜಲಪುರದಲ್ಲಿ ಒಂದು ದಿನ ಬೆಂಚು ತುಂಬಿತ್ತು. ಆರು ಜನ ಹರೆಯದವರು, ಆರೂ ನನ್ನ ಕಡೆಯವರು. ನಡುವೆ ನಿಜವಾಗಿಯೂ ಸಕ್ಕರೆ ರೋಗವಿದ್ದ ಒಬ್ಬ ಆಯಿ, ಎಪ್ಪತ್ತರ ಮೇಲಿನವಳು, ಎಲೆಅಡಿಕೆಯ ಸಂಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುಮ್ಮನೆ ಕೂಡುವ ಜೀವವಲ್ಲ ಅದು. ಎಡಕ್ಕಿದ್ದವನನ್ನು ಕೇಳಿದಳು, "ನಿನಗೇನಾಗ್ಯಾದೋ ಯಪ್ಪಾ?"

"ಶುಗರ್, ಆಯಿ."

ಬಲಕ್ಕಿದ್ದವನನ್ನು ಕೇಳಿದಳು. ಅವನದೂ ಶುಗರ್. ಹೀಗೆ ಬೆಂಚಿನ ಆ ತುದಿಯಿಂದ ಈ ತುದಿಯ ತನಕ ಆರೂ ಮಂದಿ ಶುಗರ್ ಅಂದರು. ಆಯಿಗೆ ಕರುಳು ಚುರುಕ್ಕೆಂದಿತು. ಹಾಗಲಕಾಯಿ ಹೇಗೆ ಅರೆಯಬೇಕು, ಮೆಂತ್ಯೆ ಎಷ್ಟು ಹೊತ್ತು ನೆನೆಹಾಕಬೇಕು, ಕಾಲಿನ ಬೆರಳ ಸಂದಿ ಹೇಗೆ ಒಣಗಿಸಬೇಕು, ಎಲ್ಲಾ ಹೇಳಿಕೊಟ್ಟಳು. ಆರೂ ಜನ ತಲೆ ಬಗ್ಗಿಸಿ "ಹೂಂ ಆಯಿ, ಹೂಂ ಆಯಿ" ಅನ್ನುತ್ತಿದ್ದರು. ಒಬ್ಬನಂತೂ ಹೆದರಿಕೆಯಲ್ಲಿ ಬರೆದೂ ಇಟ್ಟುಕೊಂಡ.

ಕೊನೆಗೆ ಆಯಿ ನನ್ನ ಕೋಣೆಯ ಬಾಗಿಲಿಗೆ ಬಂದು, ಬೆಂಚಿನ ಕಡೆ ಕೈ ತೋರಿಸಿ ಕೇಳಿದಳು: "ಡಾಕ್ಟರಪ್ಪಾ, ಇಷ್ಟು ಹುಡುಗೂರಿಗೆ ಒಮ್ಮೆಲೇ ಬಂದಾದಂದ್ರ ಏನು? ಎಲ್ಲಾರೂ ಕೂಡಿ ಎಲ್ಲಿಗೆ ಹೋಗಿದ್ರು, ಏನು ತಿಂದ್ರು?"

ದೋಸ್ತನ ರಕ್ತ

ಇದು ಸಣ್ಣದು. ಪ್ಯಾಂಟು, ಶರ್ಟು, ತಂಪು ಕನ್ನಡಕ ಹಾಕಿದ ಒಬ್ಬ ಯುವಕ ಬಂದ.

"ಸರ್, ನನ್ನ ದೋಸ್ತ ಒಬ್ಬವ ಅದಾನ್ರಿ. ಅವ ಹಿಂದಿನ ತಿಂಗಳ ಜರಾ ಗಡಬಡ ಮಾಡ್ಕೊಂಡಾನ. ಈಗ ಅವಗ ಅನ್ನ ಸೇರಂಗಿಲ್ಲ, ಎಲ್ಲೀ ಕೂತ್ರೂ ಚೈನ ಇಲ್ಲ."

"ಕಾಂಡೋಮ್ ಹಾಕಿದ್ದನೇನು?"

"ಇಲ್ರಿ. ಗಡಬಡದಾಗ ನನಗ ನೆನಪೇ ಆಗಲಿಲ್ಲ... ಅಂದ್ರ ಅವಗ ರಿ, ಅವಗ."

"ಆತು, ಅವನ್ನ ಕರ್ಕೊಂಡು ಬಾರಪಾ. ಪರೀಕ್ಷೆ ಮಾಡೂಣು."

ಅವನು ಕನ್ನಡಕ ತೆಗೆದ. ಅಂಗಿಯ ತೋಳು ಮಡಚುತ್ತ ಅಂದ: "ಅವ ಭಾಳ ದೂರ ಇರ್ತಾನ್ರಿ ಸರ್. ಅವಂದೂ ನಂದೂ ಒಂದೇ ಗ್ರೂಪಿನ ರಕ್ತ. ನಂದೇ ತಗೋರಿ."

ಅವ್ವನ ಶೇಂಗಾ ಹಿಂಡಿ

ಮಂದಿಯ ಫಜೀತಿಯನ್ನೇ ಹೇಳುತ್ತ ಹೋದರೆ ನ್ಯಾಯವಲ್ಲ. ನನ್ನದೂ ಒಂದಿದೆ.

ಕಾಂಡೋಮ್ ಹಾಕುವ ಕ್ರಮವನ್ನು ತೋರಿಸಿ ಹೇಳಬೇಕೆಂದು ನಮಗೆ ಕಟ್ಟಿಗೆಯದೊಂದು ಮಾದರಿ ಕೊಟ್ಟಿರುತ್ತಾರೆ. ಗೇಣುದ್ದದ್ದು, ನುಣ್ಣಗೆ ಪಾಲಿಶ್ ಮಾಡಿದ್ದು, ಕೆಳಗೆ ನಿಲ್ಲಲು ಅಗಲವಾದ ಬುಡ. ಒಮ್ಮೆ ಹಳ್ಳಿಯೊಂದರಲ್ಲಿ ಶಿಬಿರ ಮುಗಿಸಿ, ಅದನ್ನು ಚೀಲದಲ್ಲೇ ಬಿಟ್ಟು ಮನೆಗೆ ಬಂದೆ. ಆಗ ಜಿಡಗಾದ ಹತ್ತಿರದ ನಮ್ಮ ಊರಿನಿಂದ ಅವ್ವ ಬಂದಿದ್ದಳು. ಮನೆಯಲ್ಲಿ ಯಾವ ವಸ್ತುವೂ ಕೆಲಸವಿಲ್ಲದೆ ಕೂಡಬಾರದು ಅನ್ನುವ ಜಾತಿಯ ಹೆಂಗಸು.

ಮರುದಿನ ಸ್ನಾನ ಮುಗಿಸಿ ಬರುತ್ತೇನೆ, ಅಡಿಗೆಮನೆಯಲ್ಲಿ ದಬದಬ ಸಪ್ಪಳ. ಅವ್ವ ಕಲ್ಲಿನ ಕುಟ್ಟಣಿಯ ಮುಂದೆ ಕೂತು ಹುರಿದ ಶೇಂಗಾ, ಬಳ್ಳೊಳ್ಳಿ, ಖಾರಪುಡಿ ಹಾಕಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದಾಳೆ. ಕೈಯಲ್ಲಿ ಸರ್ಕಾರದ ಆ ವಸ್ತು. ನನ್ನ ಹೆಂಡತಿ ಮೂಲೆಯಲ್ಲಿ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಡುಗುತ್ತಿದ್ದಳು. ಅಳುವೋ ನಗುವೋ ತಿಳಿಯಲಿಲ್ಲ.

"ಅವ್ವಾ, ಅದು ಆಫೀಸಿಂದು!" ಅಂದೆ.

"ಆಫೀಸಿನ್ಯಾಗ ಹಿಂಡಿ ಯಾರು ಕುಟ್ತಾರೋ? ಇಲ್ಲೇ ಇರ್ಲಿ ಬಿಡು. ಕೈಯಾಗ ಚೊಲೋ ಹಿಡೀತದ."

ಹಿಂಡಿ ಅದ್ಭುತವಾಗಿತ್ತಂತೆ. ನಾನು ತಿನ್ನಲಿಲ್ಲ. ಅವ್ವ ಕಟ್ಟಿಕೊಟ್ಟ ಡಬ್ಬಿಯನ್ನು ಆಫೀಸಿನವರು ಖಾಲಿ ಮಾಡಿ, ನೆಕ್ಕಿ ಕಳಿಸಿದರು. ಊರಿಗೆ ಹೋಗುವಾಗ ಅವ್ವ ನನ್ನನ್ನು ಒತ್ತಟ್ಟಿಗೆ ಕರೆದು ಹೇಳಿದಳು: "ತಮ್ಮಾ, ಮುಂದಿನ ಸಲ ಅಂಥದು ಇನ್ನೆರಡು ತಾ. ನಿಮ್ಮ ಅಕ್ಕಗೊಂದು, ಮಠದ ದಾಸೋಹದ ಅಡಿಗಿ ಮನಿಗೊಂದು ಕೊಡೂಣು."

ಕಟ್ಟೆಯ ಮೇಲಿನ ಗಂಡ

ಜೇವರ್ಗಿಯಲ್ಲಿದ್ದಾಗ ಕೊಳಕೂರಿನ ಕಡೆಯ ಹೆಣ್ಣುಮಗಳೊಬ್ಬಳು ಗಂಡನನ್ನು ಮುಂದೆ ನಡೆಸಿಕೊಂಡು ಬಂದಳು. ಹತ್ತಿ ಬಿಡಿಸುವ ಕೈ, ಗಟ್ಟಿ ದನಿ. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ಎಂಟು ತಿಂಗಳ ಮೇಲೆ ಮನೆಗೆ ಬಂದವನು. ಎತ್ತರದ ಆಳು, ಆದರೆ ಹೆಂಡತಿಯ ಬಾಜೂಕ್ಕೆ ಕೂತಾಗ ಕುಗ್ಗಿ ಅರ್ಧವಾಗಿದ್ದ.

"ಇವನ ರಕ್ತಾ ನೋಡ್ರಿ ಸಾಹೇಬ್ರ. ಬಂದು ನಾಕು ದಿನ ಆತು, ಕಟ್ಟೀಮ್ಯಾಲೇ ಮಲಗಿಸೇನಿ. ಒಳಗ ಬಿಟ್ಟಿಲ್ಲ."

"ಏನವ್ವಾ, ಏನರೆ ಸಂಶಯ ಅದ ಏನು?"

"ಸಂಶಯ ಇಲ್ರಿ, ಇವನೇ ಬಾಯಿಬಿಟ್ಟಾನ. ಸುಳ್ಳು ಹೇಳಾಕ ಬರಂಗಿಲ್ಲ ಮೂಳಗ, ಅದೊಂದು ಚೊಲೋ ಗುಣ." ಗಂಡನ ಕಡೆ ತಿರುಗಿ, "ಹೇಳ್ಲೇ ಸಾಹೇಬ್ರಿಗೆ!"

ಅವನು ನೆಲ ನೋಡುತ್ತಾ ಅಂದ, "ಒಮ್ಮೆ ರಿ. ಒಂದೇ ಸಲ."

"ಒಂದೇ ಸಲ ಅಂತ! ಸಂತ್ಯಾಗ ಎತ್ತು ಕೊಳ್ಳಬೇಕಾದ್ರ ಬಾಯಿ ತೆಗಿಸಿ ಹಲ್ಲು ನೋಡ್ತೀವ್ರಿ. ಗಂಡ ಪುಣೆದಿಂದ ಬಂದ್ರ ಏನೂ ನೋಡ್ದೆ ಒಳಗ ಬಿಟ್ಗೋಬೇಕೇನ್ರಿ?"

ನನ್ನ ತರಬೇತಿಯಲ್ಲಿ ಮೂರು ದಿನ ಪಾಠ ಹೇಳಿದವರು ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅವನಿಗೆ ಸಣ್ಣದೊಂದು ಸೋಂಕಿತ್ತು, ಗುಳಿಗೆಗೆ ವಾಸಿಯಾಗುವಂಥದು. ಎಚ್‌ಐವಿ ಕಾಣಲಿಲ್ಲ. ಆ ತಪ್ಪು ನಡೆದದ್ದು ಈಚೆಗೆ, ಹಾಗಾಗಿ ಮೂರು ತಿಂಗಳಾದ ಮೇಲೆ ಮತ್ತೆ ಬರಬೇಕು, ಅಲ್ಲಿಯ ತನಕ ಇದನ್ನು ಬಳಸಬೇಕು ಎಂದು ಕಾಂಡೋಮಿನ ಪೊಟ್ಟಣ ಅವನ ಕೈಗೆ ಕೊಡಲು ಹೋದೆ. ಆಕೆ ನಡುವೆಯೇ ಕಸಿದುಕೊಂಡು ಸೊಂಟದ ಸಂಚಿಗೆ ಹಾಕಿ ದಾರ ಜಗ್ಗಿ ಕಟ್ಟಿದಳು.

"ಇದು ನನ್ನ ಹಂತ್ಯಾಕೇ ಇರ್ಲಿ ಸಾಹೇಬ್ರ. ನಮ್ಮ ಮನ್ಯಾಗ ಎಲ್ಲಾ ಕೀಲಿಕೈ ನನ್ನ ಹಂತ್ಯಾಕೇ ಇರ್ತಾವು."

ಸಕ್ಕರೆ ಇದ್ದ ಮದುಮಗ

ಇದನ್ನು ಬರೆಯಲು ಇದರೊಳಗಿನ ಮೂವರೂ ಒಪ್ಪಿಗೆ ಕೊಟ್ಟಿದ್ದಾರೆ. ಮೂವರಲ್ಲಿ ಒಬ್ಬಾಕೆ ಕರಡು ಓದಿ, ಎರಡು ಕಡೆ ನನ್ನ ಕನ್ನಡವನ್ನೂ ತಿದ್ದಿದ್ದಾಳೆ.

ಆಳಂದ ತಾಲೂಕಿನ ಒಬ್ಬ ಹುಡುಗ, ಜೆಸಿಬಿ ಓಡಿಸುವವನು, ಜೇವರ್ಗಿಯಲ್ಲಿ ನನ್ನ ಮುಂದೆ ಬಂದು ಕೂತ. ಸೊಲ್ಲಾಪುರಕ್ಕೆ ಗೆಳೆಯರ ಜೊತೆ ಹೋದಾಗ ಮಾಡಿಕೊಂಡ ತಪ್ಪು, ಕಾಂಡೋಮ್ ಇರಲಿಲ್ಲ. ಊರಿಗೆ ಬಂದ ಹದಿನೈದು ದಿನಕ್ಕೆ ಮನೆಯವರು ಅಫಜಲಪುರ ತಾಲೂಕಿನ ಅತನೂರಿನಲ್ಲಿ ಹೆಣ್ಣು ನೋಡಿದರು. ಹುಡುಗಿ ಒಪ್ಪಿದಳು, ಇವನೂ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ನೋಡಿದ ದಿನವೇ ಮರುಳಾಗಿಬಿಟ್ಟಿದ್ದ. ಈಗ ಹೆದರಿಕೆ ತನಗಿಂತ ಆಕೆಗಾಗಿ.

"ನನಗೇನರೆ ಇದ್ರ ಆಕೀಗೂ ಹತ್ತತದ ಅಲ್ರಿ ಸರ್? ಹಂಗಿದ್ರ ನಾ ಲಗ್ನಾನೇ ಮಾಡ್ಕೊಳ್ಳಂಗಿಲ್ಲ."

ಅವನ ಈ ಮಾತು ನನಗೆ ಬಹಳ ಹಿಡಿಸಿತು. ಪರೀಕ್ಷೆ ಮಾಡಿದೆ, ಏನೂ ಇರಲಿಲ್ಲ. ಆದರೂ ಮೂರು ತಿಂಗಳಿಗೆ ಇನ್ನೊಂದು ಸಲ ಮಾಡಿಸಿದರೇ ಪೂರಾ ನಿಶ್ಚಿಂತೆ. ಮದುವೆಗೆ ಹನ್ನೆರಡು ದಿನ ಮುಂಚೆ ಆ ತಾರೀಖು ಬೀಳುತ್ತಿತ್ತು. "ಆವತ್ತು ತಪ್ಪದ ಬಾ" ಅಂದೆ.

ಬಂದ. ಬೆಂಚಿನ ಮೇಲೆ ಕೂತ. ತಲೆ ಎತ್ತಿ ನೋಡಿದರೆ ಬಾಜೂಕ್ಕೆ ಹುಡುಗಿಯ ಸೋದರಮಾವ!

ಈ ಮಾವನ ಬಗ್ಗೆ ಹೇಳಬೇಕು. ಐವತ್ತರ ಹತ್ತಿರದ ವಿಧುರ. ತೊಗರಿ ಬೆಳೆಯುವ ಜಮೀನುದಾರ, ಹಣೆ ತುಂಬ ವಿಭೂತಿ, ಸುತ್ತಿನ ಹಳ್ಳಿಯಲ್ಲಿ ಮಾತಿಗೆ ತೂಕ. ತಂದೆಯಿಲ್ಲದ ಹುಡುಗಿಯನ್ನು ಓದಿಸಿ ಬೆಳೆಸಿದವರು ಅವರೇ, ಈ ಸಂಬಂಧ ಕುದುರಿಸಿದವರೂ ಅವರೇ. ಹೆಂಡತಿ ತೀರಿಕೊಂಡು ಆರು ವರ್ಷದ ಮೇಲೆ ಅವರಿಗೂ ಒಂದು ಸಲ ಕಾಲು ಜಾರಿತ್ತು. ಸ್ವಂತ ಊರು ಅಫಜಲಪುರ ತಾಲೂಕು, ಅಲ್ಲಿ ಬೇಡ. ಆಳಂದ ಈಗ ಬೀಗರ ತಾಲೂಕು, ಅಲ್ಲೂ ಬೇಡ. ಉಳಿದದ್ದು ಜೇವರ್ಗಿ. ಹುಡುಗನೂ ಇದೇ ಲೆಕ್ಕ ಹಾಕಿದ್ದ: ಆಳಂದ ಸ್ವಂತದ್ದು, ಅಫಜಲಪುರ ಮಾವನ ಮನೆಯದು.

"ಏನ್ರಿ ಅಳಿಯಂದ್ರ, ನೀವಿಲ್ಲಿ?"

"ಶು... ಶುಗರ್ ರಿ ಮಾವಾರ. ಚೆಕ್ ಮಾಡಸಾಕ. ನೀವು?"

"ನಂದೂ ಶುಗರೇ."

ಮಾವನವರು ಗೇಟಿನ ಚಹಾದವನನ್ನು ಕೂಗಿ ಎರಡು ಚಹಾ ತರಿಸಿದರು. "ಸಕ್ಕರಿ ಜರಾ ಜಾಸ್ತಿ ಹಾಕ್ಲೇ" ಅಂದರು. ಗಾಬರಿಯಲ್ಲಿ ಹುಡುಗ, "ನಂದಕ್ಕೂ" ಅಂದ. ಇಬ್ಬರೂ ಕುಡಿದರು.

ಆಮೇಲೆ ಒಬ್ಬೊಬ್ಬರಾಗಿ ಒಳಗೆ ಬಂದರು. ಹುಡುಗನದು ಎರಡನೇ ಸಲವೂ ಸ್ವಚ್ಛ. ಖುಷಿಗೆ ನನ್ನ ಕಾಲು ಮುಟ್ಟಲು ಬಂದ. ಮಾವನವರದೂ ಆವತ್ತು ಏನೂ ಕಾಣಲಿಲ್ಲ. "ಮೂರು ತಿಂಗಳಾದ ಮ್ಯಾಲ ಮತ್ತೊಮ್ಮೆ ಬರ್ರಿ" ಎಂದು ಅವರಿಗೂ ಹೇಳಿ ಕಳಿಸಿದೆ. ಎಲ್ಲಾ ಸುಖಾಂತವಾಯಿತೆಂದು ನಾನು ಕೈ ತೊಳೆದುಕೊಂಡೆ.

ಐದು ದಿನಕ್ಕೆ ಹುಡುಗ ಓಡಿ ಬಂದ. ಮುಖ ಬಿಳಚಿ ಹೋಗಿತ್ತು.

"ಸರ್, ಲಗ್ನ ಮುರಿಯಾಕತ್ತೇದ್ರಿ!"

ಆಗಿದ್ದೇನೆಂದರೆ, ಮಾವನವರು ಬೆಂಚಿನ ನಿಯಮದಂತೆ ತಾವೊಬ್ಬರೇ ಸುಳ್ಳು ಹೇಳಿದ್ದು, ಹುಡುಗನದು ಖರೇ ಸಕ್ಕರೆ ರೋಗ ಎಂದು ನಂಬಿದ್ದರು. ನಾಲ್ಕು ದಿನ ಅನ್ನ ಸೇರಲಿಲ್ಲವಂತೆ. ಕೊನೆಗೆ ತಡೆಯಲಾರದೆ ತಂಗಿಗೆ ಹೇಳಿಬಿಟ್ಟರು: "ಹುಡುಗಗ ಇಪ್ಪತ್ತೇಳಕ್ಕೇ ಸಕ್ಕರಿ ಅದ. ನಾನೇ ಕಣ್ಣಾರೆ ನೋಡೇನಿ. ನಾನೂ ನಂದು ತೋರಸಾಕ ಹೋಗಿದ್ದೆ." ಹುಡುಗಿಯ ತಾಯಿ ಅತ್ತಳು. ಹಿರಿಯರು ಸೇರಿದರು. ಹುಡುಗನ ಮನೆಗೆ ಹೇಳಿಕಳಿಸಿದರು. ಅಲ್ಲಿ ಅವನ ಅಪ್ಪ, "ನಮ್ಮ ವಂಶದಾಗ ಯಾರಿಗೂ ಸಕ್ಕರಿ ಇಲ್ಲ, ಇದು ನಮಗ ಅವಮಾನ!" ಎಂದು ಹಾರಾಡಿದ.

"ಈಗ ನೋಡ್ರಿ ಸರ್. ಸಕ್ಕರಿ ಇಲ್ಲ ಅಂದ್ರ, ಮತ್ತ ಜೇವರ್ಗಿ ದವಾಖಾನ್ಯಾಗ ಏನ್ ಮಾಡಾಕತ್ತಿದ್ದಿ ಅಂತಾರ. ಅದ ಅಂದ್ರ ಲಗ್ನ ಹೋತು. ನೀವೇ ಬಂದು ಹೇಳ್ರಿ."

"ನಾ ಒಂದು ಅಕ್ಷರ ಹೇಳೂ ಹಂಗಿಲ್ಲಪಾ. ನಿನ್ನ ಗುಟ್ಟು ನನ್ನ ಹೊಟ್ಟ್ಯಾಗೇ ಇರಬೇಕು. ಆದ್ರ ಒಂದು ಕೇಳ್ತೇನಿ. ಹಿಂದ ಸುಳ್ಳು ಹೇಳಿ ಸಿಗಬಿದ್ದೀದಿ. ಈ ಸಲ ಖರೇ ಹೇಳಿ ನೋಡ್ತೀದೇನು? ಹಿರಿಯರಿಗಲ್ಲ. ಆಕೀಗೆ."

ಅವನು ಎದ್ದು ಹೋದ. ಹೋಗುವಾಗ ಅವನ ಬೆನ್ನು ನೋಡಿ ನನಗೇ ಕಸಿವಿಸಿಯಾಯಿತು. ಎರಡು ದಿನ ನಾನು ಮನೆಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ. ಹೆಂಡತಿ ಹಣೆ ಮುಟ್ಟಿ ಜ್ವರ ನೋಡಿದಳು.

ಮೂರನೇ ದಿನ ಮುಂಜಾನೆ ದವಾಖಾನೆಯ ನನ್ನ ಕೋಣೆಯ ಬಾಗಿಲಲ್ಲಿ ಒಬ್ಬ ಹುಡುಗಿ. ಶಾಲೆಯಲ್ಲಿ ವಿಜ್ಞಾನ ಕಲಿಸುವ ಟೀಚರು, ಹೆಗಲಿಗೆ ಬ್ಯಾಗು. ಹಿಂದೆ ನಮ್ಮ ಜೆಸಿಬಿ ಹುಡುಗ, ಮನೆಪಾಠ ಮಾಡದೆ ಬಂದವನ ಹಾಗೆ ನಿಂತಿದ್ದ.

"ನಮಸ್ಕಾರ್ರಿ ಸರ್. ಇವರು ಎಲ್ಲಾ ಹೇಳ್ಯಾರ. ಎರಡು ದಿನ ನಾ ಫೋನ್ ಎತ್ತಲಿಲ್ಲ. ಸಿಟ್ಟು ಬಂದಿತ್ತು, ಇನ್ನೂ ಅದ. ಆದ್ರ ಲಗ್ನಕ್ಕಿಂತ ಮೊದಲ ತಾವಾಗೇ ಪರೀಕ್ಷೆ ಮಾಡಿಸ್ಕೊಂಡು, ತಾವಾಗೇ ಹೇಳಿದ್ರಲ್ಲ, ಅದಕ್ಕ ಬಂದೇನಿ. ಈಗ ನನ್ನ ಮುಂದ ಇನ್ನೊಮ್ಮೆ ಮಾಡ್ರಿ. ನಂದೂ ಮಾಡ್ರಿ. ಇಬ್ರೂ ಕೂಡೇ ನೋಡ್ತೀವಿ."

ಇಷ್ಟು ವರ್ಷದ ನೌಕರಿಯಲ್ಲಿ ಮದುವೆಗೆ ಮುಂಚೆ ಇಬ್ಬರೂ ಜೊತೆಗೆ ಕೂತು ತೋಳು ಚಾಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರದೂ ಸ್ವಚ್ಛ. ಹುಡುಗ ಅತ್ತುಬಿಟ್ಟ. ಆಕೆ ಬ್ಯಾಗಿನಿಂದ ಕರವಸ್ತ್ರ ತೆಗೆದು ಕೊಟ್ಟಳು.

"ಆದ್ರೂ ಸರ್, ಇವರಿಗೆ ಸಕ್ಕರಿ ಇಲ್ಲ ಅಂತ ನನಗ ಮೊದಲೇ ಗೊತ್ತಿತ್ತು" ಅಂದಳು.

"ಹ್ಯಾಂಗವ್ವಾ?"

"ನಮ್ಮ ಮಾವ ಮನ್ಯಾಗ ಪೂರಾ ವರ್ಣನಾ ಮಾಡಿದ್ರಲ್ರಿ. ಸಕ್ಕರಿ ಜಾಸ್ತಿ ಹಾಕಿಸಿ ಚಾ ಕುಡದ್ವಿ ಅಂತ. ಸಕ್ಕರಿ ಪರೀಕ್ಷೆಗೆ ಬಂದವರು ಯಾರರೆ ಹಂಗ ಕುಡಿತಾರೇನ್ರಿ?" ಆಕೆ ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು. "ಮಾವನೂ ಹಂಗೇ ಕುಡದ್ರಂತ."

ನಾನು ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಆಕೆಯ ತುಟಿಯ ತುದಿಯಲ್ಲಿ ನಗು ಮೂಡಿದ್ದನ್ನು ಮಾತ್ರ ಓರೆಗಣ್ಣಿನಲ್ಲಿ ಕಂಡೆ.

"ಹಿರಿಯರಿಗೆ ಏನ್ ಹೇಳ್ತೀವ್ವಾ?" ಎಂದು ಕೇಳಿದೆ.

"ಅದು ನನಗ ಬಿಡ್ರಿ."

ಆಕೆ ಹೋಗಿ ಹಿರಿಯರ ಮುಂದೆ ನಿಂತು ಹೇಳಿದ್ದು ಇಷ್ಟೇ: "ಸಕ್ಕರಿ ಇದ್ರ ಇರ್ಲಿ. ನನಗ ಒಪ್ಪಿಗಿ ಅದ. ಅದನ್ನ ಹತೋಟಿಯೊಳಗ ಇಡೂ ಜವಾಬ್ದಾರಿ ನಂದು." ತಾಯಿ ಕಣ್ಣೊರೆಸಿಕೊಂಡಳು. ಇಂಥ ಗುಣವಂತೆ ಎಲ್ಲಿದ್ದಾಳೆ ಎಂದು ಬೀಗರು ಬಾಯಿ ಮುಚ್ಚಿದರು. ಮದುವೆ ಉಳಿಯಿತು.

ನನಗೆ ಎರಡು ಲಗ್ನಪತ್ರಿಕೆ ಬಂದವು. ಹುಡುಗ ಒಂದು ಕೊಟ್ಟ, ಮಾವನವರು ಗುಟ್ಟಾಗಿ ಇನ್ನೊಂದು ಕೊಟ್ಟರು. ಹೋದೆ. ಯಾರೆಂದು ಕೇಳಿದವರಿಗೆಲ್ಲ ಇಬ್ಬರೂ ಬೇರೆ ಬೇರೆಯಾಗಿ "ಶುಗರ್ ಡಾಕ್ಟರ್ ಸಾಹೇಬ್ರು" ಎಂದು ಪರಿಚಯ ಮಾಡಿಕೊಟ್ಟರು. ಅಕ್ಷತೆ ಬೀಳುವುದರೊಳಗೆ ಹದಿನಾಲ್ಕು ಮಂದಿ ನನಗೆ ತಮ್ಮ ಕಾಲಿನ ಉರಿ ತೋರಿಸಿದ್ದರು.

ಊಟದ ಪಂಕ್ತಿ. ಮದುಮಗ, ಮದುಮಗಳು, ಮಾವ, ಮಾವನ ಬಾಜೂಕ್ಕೆ ನಾನು. ಎಲೆಯ ಮೇಲೆ ಬಿಸಿ ಹೂರಣದ ಹೋಳಿಗೆ, ಮೇಲೆ ತುಪ್ಪ. ಬಡಿಸುವವನು ಮದುಮಗನ ಹತ್ತಿರ ಬಂದ. ಮದುಮಗಳು ಬಾಸಿಂಗ ಸರಿಸಿ, ಇಡೀ ಪಂಕ್ತಿಗೆ ಕೇಳುವ ಹಾಗೆ ಹೇಳಿದಳು:

"ಇವರಿಗೆ ಬ್ಯಾಡ್ರಿ ಕಾಕಾ, ಸಕ್ಕರಿ ಅದ. ಬರೇ ಅನ್ನ ಸಾರು ಹಾಕ್ರಿ. ಮಾವಾಗೂ ಬ್ಯಾಡ್ರಿ, ಅವರಿಗೂ ಅದ. ಪಾಪ, ಅವರೇ ಹೇಳ್ಯಾರ."

ಸುತ್ತ ಕೂತ ಹೆಂಗಸರು "ಎಷ್ಟು ಕಾಳಜಿ!" ಎಂದು ಮೆಚ್ಚಿದರು. ಹುಡುಗ ತಲೆ ಬಗ್ಗಿಸಿ ಸಾರಿಗೆ ಅನ್ನ ಕಲಸಿದ. ಅದು ತನ್ನ ಶಿಕ್ಷೆ ಎಂದು ಅವನಿಗೆ ಗೊತ್ತಿತ್ತು, ಖುಷಿಯಿಂದಲೇ ಉಣ್ಣುತ್ತಿದ್ದ. ಮಾವನವರ ಪಾಡು ನೋಡಲಾಗುತ್ತಿರಲಿಲ್ಲ. ಹೊಲದ ತೊಗರಿಬೇಳೆ ಅವರದೇ, ಮಾಡಿಸಿದವರೂ ಅವರೇ. ಎಡಕ್ಕೆ ಹೋಳಿಗೆ, ಬಲಕ್ಕೆ ಹೋಳಿಗೆ, ನಡುವೆ ಅವರ ಖಾಲಿ ಎಲೆ. ನನ್ನ ಮೂರನೆಯ ಹೋಳಿಗೆಯ ಮೇಲೆ ತುಪ್ಪ ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು:

"ಸಾಹೇಬ್ರ, ಈ ಸಕ್ಕರಿ ನನಗ ಯಾವಾಗ ಬಿಡ್ತದ್ರಿ?"

ನಾನು ತುತ್ತು ನುಂಗಿ, ಅಷ್ಟೇ ಮೆಲ್ಲಗೆ ಹೇಳಿದೆ: "ಮೂರು ತಿಂಗಳಾದ ಮ್ಯಾಲ ಬರ್ರಿ. ಮತ್ತೊಮ್ಮೆ ನೋಡಿ ಹೇಳ್ತೇನಿ."